ನೀರಿನ ಸನದು

ಕೃಷ್ಣೆ ಹತ್ತಿರದಲ್ಲೇ ಹರಿದರೂ ಮುದ್ದೇಬಿಹಾಳ ಸೀಮೆಯ ಎಷ್ಟೋ ಮನೆಗಳು ಬಹುಕಾಲ ಬೋರಿನ ನೀರನ್ನೇ ಕುಡಿದವು. ನೆಲದೊಳಗಿನ ಕಲ್ಲಿನಿಂದ ಕರಗಿದ ಫ್ಲೋರೈಡು ಆ ನೀರಿನ ಜೊತೆಗೇ ಬಂತು. ಅಕ್ಕನ ಮಗ ನಕ್ಕಾಗ ಹಲ್ಲಿನ ಮೇಲೆ ಕಂದು ಗೆರೆಗಳು ಕಂಡವು. ಅವರ ಬೋರಿನ ನೀರನ್ನು ಎರಡು ಬಾಟಲಿಗಳಲ್ಲಿ ತುಂಬಿ ಎರಡು ಕಡೆ ಪರೀಕ್ಷೆಗೆ ಕೊಟ್ಟೆ.

ಒಂದು ಚೀಟಿಯಲ್ಲಿ ಲೀಟರಿಗೆ 0.9 ಮಿಲಿಗ್ರಾಂ, ಇನ್ನೊಂದರಲ್ಲಿ 1.8. ಭಾರತೀಯ ಮಾನಕ ಬ್ಯೂರೋದ 2012ರ ಮಾನದಂಡದಂತೆ 1 ಮಿಲಿಗ್ರಾಂವರೆಗೆ ಸರಿ. ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ. ಒಂದು ಚೀಟಿ ಕುಡಿಯಿರಿ ಎನ್ನುತ್ತದೆ, ಇನ್ನೊಂದು ಬೇಡ ಎನ್ನುತ್ತದೆ. “ಕಡಿಮಿ ಇರೋದನ್ನ ನಂಬೂಣು ತಮ್ಮಾ” ಎಂದಳು ಅಕ್ಕ.

ಎರಡೂ ಕಡೆ ಹೋಗಿ ಒಂದೇ ಪ್ರಶ್ನೆ ಕೇಳಿದೆ: ಈ ಅಂಕಿ ಎಲ್ಲಿಂದ ಬಂತು? ಮೊದಲ ಕಡೆಯ ಹುಡುಗ ಯಂತ್ರ ತೋರಿಸಿದ. ಯಂತ್ರಕ್ಕೆ ಕಲಿಸಿದ್ದು ಯಾವುದು ಎಂದಾಗ ಒಂದು ಬಾಟಲಿ ತೋರಿಸಿದ. ಅದರ ಮೇಲೆ ಹೆಸರಿಲ್ಲ, ತಾರೀಖಿಲ್ಲ.

ಎರಡನೆಯ ಕಡೆಯ ಹೆಣ್ಣುಮಗಳು ಕಡತ ಬಿಚ್ಚಿದಳು. ಮಾಪಕದ ಕಡ್ಡಿ ಕೊಡುವುದು ಬರೀ ಮಿಲಿವೋಲ್ಟ್; ಪ್ರಮಾಣ ಗೊತ್ತಿರುವ ದ್ರಾವಣಗಳಲ್ಲಿ ಅದ್ದಿ ನೋಡಿದ ಮೇಲೆಯೇ ಅದು ಮಿಲಿಗ್ರಾಂ ಆಗುತ್ತದೆ. ಆ ದ್ರಾವಣಗಳು ಪ್ರಮಾಣಪತ್ರವಿರುವ ಒಂದು ಮೂಲ ದ್ರಾವಣದಿಂದ ಬಂದವು. ಅದು ಶುದ್ಧತೆ ಪರೀಕ್ಷಿಸಿದ ಸೋಡಿಯಂ ಫ್ಲೋರೈಡಿನಿಂದ: 2.21 ಗ್ರಾಂ ಲವಣ ಕರಗಿಸಿ ಒಂದು ಲೀಟರು ಮಾಡಿದರೆ ಅದರಲ್ಲಿ 1000 ಮಿಲಿಗ್ರಾಂ ಫ್ಲೋರೈಡು. ಲವಣ ತೂಗಿದ ತಕ್ಕಡಿಯ ಲೆಕ್ಕ ದಿಲ್ಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಕಿಲೋಗ್ರಾಂವರೆಗೆ ಹೋಗುತ್ತದೆ. ಮೆಟ್ಟಿಲು ಮೆಟ್ಟಿಲಿಗೂ ಎಷ್ಟು ಆಚೀಚೆ ಆಗಬಹುದೆಂದು ಕೂಡಿಸಿ ಬರೆದಿದ್ದರು: 1.8, ಹೆಚ್ಚುಕಡಿಮೆ 0.1.

ಓದುತ್ತಿದ್ದಂತೆ ಬಾಲ್ಯದ ಮೌಲವಿಸಾಹೇಬರು ನೆನಪಾದರು. ಹದೀಸಿನ ಮಾತು ಎಷ್ಟೇ ಚಂದವಿರಲಿ, ಅವರು ಮೊದಲು ಕೇಳುತ್ತಿದ್ದುದು ಸನದು: ಯಾರು ಯಾರಿಂದ ಕೇಳಿದರು? ಒಂದು ಕೊಂಡಿ ಕಳಚಿದರೆ ಮಾತಿನ ಬಲ ಕುಂದುತ್ತದೆ. ಕೊಂಡಿಗಳಿದ್ದರಷ್ಟೇ ಸಾಲದು, ಪ್ರತಿಯೊಬ್ಬ ಹೇಳಿಕೆಗಾರನೂ ನಂಬಿಕಸ್ಥನಾಗಿರಬೇಕು. ನೀರಿನದೂ ಹಾಗೆಯೇ. ಅದರಲ್ಲಿರುವ ಅಲ್ಯೂಮಿನಿಯಂ ಫ್ಲೋರೈಡನ್ನು ಹಿಡಿದುಕೊಂಡು ಕಡ್ಡಿಗೆ ಕಾಣದಂತೆ ಮಾಡಬಲ್ಲದು. ಬಿಡಿಸುವ ದ್ರಾವಣ ಬೆರೆಸದಿದ್ದರೆ ಸನದು ಸರಿಯಿದ್ದೂ ಅಂಕಿ ತಪ್ಪುತ್ತದೆ. ಅದನ್ನು ಬೆರೆಸಿದ್ದೂ ಕಡತದಲ್ಲಿತ್ತು.

0.9 ಸುಳ್ಳೆಂದು ನಾನು ಹೇಳಲಾರೆ. ಅದರ ಪರವಾಗಿ ನಿಲ್ಲುವ ಸಾಕ್ಷಿ ಇಲ್ಲ, ಅಷ್ಟೇ. ಹುಡುಗನ ಹಲ್ಲಿನ ಗೆರೆಗಳು ಹೋಗಿಲ್ಲ. ಅವನ ತಂಗಿಗೆ ಇನ್ನೂ ಹಾಲುಹಲ್ಲು. ಅಕ್ಕ ಈಗ ದೂರದ ನಲ್ಲಿಯಿಂದ ದಿನಕ್ಕೆರಡು ಕೊಡ ಹೊತ್ತು ತರುತ್ತಾಳೆ. ಯಾಕೆ ಇಷ್ಟು ಕಷ್ಟ ಎಂದು ಯಾರಾದರೂ ಕೇಳಿದರೆ ಟ್ರಂಕಿನಿಂದ ಆ ಎರಡನೆಯ ಚೀಟಿ ತೆಗೆದು ತೋರಿಸುತ್ತಾಳೆ.