ಹಳದಿ ಬಣ್ಣದ ನಿವೇಶನ

ನಗರ ಯೋಜನೆಯ ಕಛೇರಿಯೊಂದರಲ್ಲಿ ನನಗೆ ಕೆಲಸ ದೊರೆತಿತೆಂದು ತಿಳಿದಾಗ ನಮ್ಮ ಸೋದರಮಾವ, “ಇನ್ನು ಬೆಂಗಳೂರು ಎತ್ತ ಬೆಳೆಯಬೇಕೆಂಬುದನ್ನು ನಮ್ಮ ಹುಡುಗಿಯೇ ನಿಶ್ಚಯಿಸುತ್ತಾಳೆ” ಎಂದು ಬೀದಿಗೆಲ್ಲ ಸಾರಿ ಬಂದರು. ಅದು 1985ನೆಯ ಇಸವಿ. ಅವರ ಮಾತಿಗೆ ಹೊರಗೆ ನಕ್ಕೆನಾದರೂ ಒಳಗೆ ನಾನೂ ಹಾಗೆಯೇ ನಂಬಿದ್ದೆನೆಂಬುದನ್ನು ಈಗ ಒಪ್ಪಿಕೊಳ್ಳಬೇಕು.

ನನ್ನ ಪಾಲಿಗೆ ಬಂದ ಮೊದಲ ಕೆಲಸ ನಕ್ಷೆಗೆ ಬಣ್ಣ ತುಂಬುವುದು. ವಾಸದ ಮನೆಗಳಿಗೆ ಹಳದಿ, ಅಂಗಡಿಗಳಿಗೆ ನೀಲಿ, ಕಾರ್ಖಾನೆಗಳಿಗೆ ನೇರಳೆ, ಶಾಲೆ ಆಸ್ಪತ್ರೆಗಳಿಗೆ ಕೆಂಪು, ಉದ್ಯಾನಗಳಿಗೆ ಹಸಿರು. ಹಬ್ಬದ ದಿನ ಅಂಗಳದಲ್ಲಿ ರಂಗೋಲಿಗೆ ಬಣ್ಣ ತುಂಬುವ ಹೆಂಗಸರಿಗೆ ಈ ಕೆಲಸದ ಸುಖ ಗೊತ್ತು. ಗೆರೆಯಿಂದಾಚೆ ಒಂದು ಹನಿಯೂ ಚೆಲ್ಲದಂತೆ ಮುಗಿಸಿ, ಹಿರಿಯ ಅಧಿಕಾರಿಗಳ ಮೇಜಿನ ಮೇಲೆ ಹರಡಿದೆ. ನಿವೃತ್ತಿಗೆ ಸಮೀಪವಾಗಿದ್ದ ಆ ಹಿರಿಯರು ಕನ್ನಡಕವನ್ನು ಹಣೆಗೇರಿಸಿ ಬಹಳ ಹೊತ್ತು ನೋಡಿದರು.

“ಲಕ್ಷಣವಾಗಿದೆಯಮ್ಮ. ಇದರ ಮೇಲೆ ಮಳೆ ಬಿದ್ದರೆ ನೀರು ಎತ್ತ ಹೋಗುತ್ತದೆ?”

ನಾನು ಉತ್ತರವಿಲ್ಲದೆ ನಿಂತೆ. “ನಾಳೆ ಬೆಳಿಗ್ಗೆ ಗಟ್ಟಿ ಚಪ್ಪಲಿ ಮೆಟ್ಟಿಕೊಂಡು ಬಾ” ಎಂದರು.

ಮರುದಿನ ನಡೆದ ನಡಿಗೆಯಲ್ಲಿ ಕಲಿತಷ್ಟನ್ನು ನಾನು ಕಾಲೇಜಿನ ಯಾವ ವರ್ಷದಲ್ಲಿಯೂ ಕಲಿತಿರಲಿಲ್ಲ. ಬೆಂಗಳೂರು ಒಂದು ಏಣಿನ ಮೇಲೆ ಕುಳಿತ ಊರು. ಏಣಿನ ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿಯನ್ನು ಸೇರಿ ಅರ್ಕಾವತಿಯ ಮೂಲಕ ಕಾವೇರಿಗೆ ಹೋಗುತ್ತದೆ. ಪೂರ್ವಕ್ಕೆ ಬಿದ್ದದ್ದು ದಕ್ಷಿಣ ಪಿನಾಕಿನಿಯ ಪಾಲು. ಈ ಎರಡು ಇಳಿಜಾರುಗಳಲ್ಲಿ ಹಿಂದಿನವರು ಒಂದರ ಕೆಳಗೊಂದು ಕೆರೆ ಕಟ್ಟಿ, ಮೇಲಿನದು ತುಂಬಿದರೆ ಕೆಳಗಿನದಕ್ಕೆ ಹರಿಯುವಂತೆ ರಾಜಕಾಲುವೆಗಳನ್ನು ತೋಡಿದ್ದರು. ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆ ಕ್ರೀಡಾಂಗಣವಾಯಿತು. ಇತ್ತ ಸುಮಾರು ನೂರು ಕಿಲೋಮೀಟರು ದೂರದಿಂದ, ಐನೂರು ಮೀಟರಿನಷ್ಟು ಮೇಲೆತ್ತಿ, 1974ರಲ್ಲಿ ಕಾವೇರಿಯನ್ನು ತಂದೆವು. ಮನೆಯ ಮುಂದೆ ಬಂದವಳನ್ನು ಹಿಂದಕ್ಕಟ್ಟಿ, ದೂರದವಳಿಗೆ ಪಲ್ಲಕ್ಕಿ ಕಳುಹಿಸಿದ ಹಾಗೆ.

ಹಿರಿಯರು ದಾರಿಯಲ್ಲಿ ಪ್ಯಾಟ್ರಿಕ್ ಗೆಡ್ಡೆಸ್ ಎಂಬ ಸ್ಕಾಟ್ಲೆಂಡಿನ ವಿದ್ವಾಂಸರ ಕಥೆ ಹೇಳಿದರು. ಅವರು 1915ರ ಹೊತ್ತಿಗೆ ಮದರಾಸು ಪ್ರಾಂತದ ಊರುಗಳನ್ನು ಓಣಿ ಓಣಿಯಾಗಿ ನಡೆದು ನೋಡಿದರಂತೆ. ರೋಗವನ್ನು ಗುರುತಿಸದೆ ಮದ್ದು ಕೊಡಬಾರದೆಂಬುದು ಅವರ ಸಿದ್ಧಾಂತ. ಹಳೆಯ ಕೇರಿಯನ್ನು ಸೀಳಿ ಹೆದ್ದಾರಿ ತೆಗೆಯುವ ಬದಲು ಒಂದೆರಡು ಪಾಳುಮನೆಗಳನ್ನಷ್ಟೇ ತೆಗೆದು, ಗಾಳಿಗೂ ಗಿಡಕ್ಕೂ ಎಡೆ ಮಾಡಿಕೊಟ್ಟರೆ ಖರ್ಚೂ ಕಡಿಮೆ, ಕಣ್ಣೀರೂ ಕಡಿಮೆ ಎಂದು ಅವರು ಬಗೆದಿದ್ದರು.

ಮಧ್ಯಾಹ್ನದ ಹೊತ್ತಿಗೆ ಊರಂಚಿನ ಒಂದು ಹಳ್ಳಿಗೆ ತಲಪಿದೆವು. ತಲೆತಲಾಂತರದಿಂದ ನೀರುಗಂಟಿಯ ಕೆಲಸ ಮಾಡಿದ ಮನೆತನದ ಮುದುಕನೊಬ್ಬ ಕೋಲಿನಿಂದ ತೋರಿಸುತ್ತ, “ಇಲ್ಲಿಂದ ಹೀಗೆ ಬರ್ತದೆ ಸ್ವಾಮಿ, ಆ ಹುಣಸೆಮರದ ಬುಡ ಸುತ್ತಿ ಹಾಗೆ ಹೋಗ್ತದೆ” ಎಂದ. ನೋಡಿದರೆ ಒಣಗಿದ ತಗ್ಗು. ಎರಡು ಎಮ್ಮೆಗಳು ಮೇಯುತ್ತಿದ್ದವು. ಕಛೇರಿಗೆ ಹಿಂದಿರುಗಿ ಹಳೆಯ ಗ್ರಾಮನಕ್ಷೆಯನ್ನು ಪಾರದರ್ಶಕ ಹಾಳೆಯ ಮೇಲೆ ತೆಗೆದು ನನ್ನ ಬಣ್ಣದ ನಕ್ಷೆಯ ಮೇಲಿಟ್ಟೆ. ಮುದುಕ ತೋರಿಸಿದ ದಾರಿಯಲ್ಲಿಯೇ ಜೋಡಿಗೆರೆಯ ಕಾಲುವೆ ಇತ್ತು. ಅದರ ಕೆಳಗೆ ನನ್ನ ಚೆಲುವಾದ ಹಳದಿ.

“ಈಗ ಒಂದೇ ಹಾಳೆಯಲ್ಲಿ ಬರೆ” ಎಂದರು ಹಿರಿಯರು. “ಮೊದಲು ಆಗಲೇಬೇಕಾದದ್ದು ಯಾವುದು, ಮಾಡುವವರು ಯಾರು, ಹಣ ಯಾರದು, ಸದ್ಯಕ್ಕೆ ಬಿಡಬಹುದಾದದ್ದು ಯಾವುದು.” ಕಾರ್ಯತಂತ್ರದ ಯೋಜನೆ ಎಂದು ಈಗ ದೊಡ್ಡ ಹೆಸರಿನಿಂದ ಕರೆಯುವ ವಿದ್ಯೆಗೆ ನನ್ನ ಅಕ್ಷರಾಭ್ಯಾಸವಾದದ್ದು ಹೀಗೆ. ಇಪ್ಪತ್ತು ವರ್ಷದ ಚಿತ್ರ ಬರೆಯುವುದು ಸುಲಭ; ಇಪ್ಪತ್ತು ಬಯಕೆಗಳಲ್ಲಿ ಹದಿನೇಳನ್ನು ಹೊಡೆದುಹಾಕುವುದು ಕಷ್ಟ. ಅದೂ ನಿವೇಶನ ಹಂಚುವವರು ಒಬ್ಬರು, ನೀರು ಕೊಡುವವರು ಇನ್ನೊಬ್ಬರು, ಚರಂಡಿ ಮಗದೊಬ್ಬರದಾಗಿ, ಯಾರ ಮಾತು ಯಾರಿಗೂ ಕೇಳಿಸದ ಊರಿನಲ್ಲಿ! ಒಂದು ವಾರ ಹೆಣಗಿ ಬರೆದೆ: ಮೊದಲು ಕಾಲುವೆಯನ್ನೂ ಅದರ ಎರಡು ದಡಗಳನ್ನೂ ಖಾಲಿ ಬಿಡಬೇಕು, ರಸ್ತೆ, ಮನೆ ಎಲ್ಲವೂ ಆಮೇಲೆ. 1986ರಲ್ಲಿ ಲಕ್ಷ್ಮಣರಾವ್ ಸಮಿತಿಯೂ ಊರಿನ ಕೆರೆಗಳನ್ನು ಉಳಿಸಬೇಕೆಂದು ವರದಿ ಮಾಡಿದಾಗ ನನ್ನ ಹಾಳೆಗೆ ಬಲ ಬಂದಿತೆಂದು ಹಿಗ್ಗಿದೆ.

ಆ ಹಿಗ್ಗು ಬಹಳ ದಿನ ಉಳಿಯಲಿಲ್ಲ. ಒಂದು ಭಾನುವಾರ ಮಾವ ಮನೆಗೆ ಬಂದು, ಅತ್ತೆ ಕೊಟ್ಟ ಕಾಫಿಯನ್ನು ಪಕ್ಕಕ್ಕಿಟ್ಟು, ಗೃಹನಿರ್ಮಾಣ ಸಂಘವೊಂದರ ಪತ್ರವನ್ನು ಬಿಚ್ಚಿದರು. ನಿವೃತ್ತಿಯ ಹಣವನ್ನೆಲ್ಲ ಸುರಿದು ಕೊಂಡ ನಿವೇಶನ. ಮೂವತ್ತು ಅಡಿಗೆ ನಲವತ್ತು. “ಮುಂದುಗಡೆ ಒಂದು ಹುಣಸೆಮರವೂ ಇದೆ, ನೆರಳಿಗೆ” ಎಂದರು.

ನಾನು ಏನನ್ನೂ ಹೇಳಲಿಲ್ಲ. ಕಛೇರಿಯ ವಿಷಯ ಹೊರಗೆ ಆಡಬಾರದೆಂದು ಸಮಾಧಾನ ಮಾಡಿಕೊಂಡೆ. ನನ್ನ ಹಾಳೆ ಮೇಲಕ್ಕೆ ಹೋಗಿದೆ, ಅದು ಜಾರಿಗೆ ಬಂದರೆ ಸಂಘವೇ ಬೇರೆಡೆ ನಿವೇಶನ ಕೊಡುತ್ತದೆ ಎಂದೂ ಎಣಿಸಿದೆ. ನಿಜವಾದ ಕಾರಣ, ಆ ಮುಖದ ಸಂತೋಷವನ್ನು ಕೆಡಿಸುವ ಧೈರ್ಯ ನನಗಿರಲಿಲ್ಲ. ಹಾಳೆಯಾದರೋ ಸಂಬಂಧಪಟ್ಟವರ ಗಮನಕ್ಕೆಂದು ಮೇಜಿನಿಂದ ಮೇಜಿಗೆ ತಿರುಗಿ, ಕೊನೆಗೆ ಯಾವುದೋ ಕಡತದಲ್ಲಿ ನಿದ್ರೆ ಹೋಯಿತು.

ಗೃಹಪ್ರವೇಶ ಸಂಭ್ರಮದಿಂದ ನಡೆಯಿತು. ಹೋಳಿಗೆಯನ್ನು ನಾನೂ ತಿಂದೆ. ಹದಿನೈದು ವರ್ಷಗಳಿಗೂ ಹೆಚ್ಚು ಕಾಲ ಏನೂ ಆಗಲಿಲ್ಲ. ಮೇಲಿನ ಬಯಲು ಮಳೆಯನ್ನು ಹೀರಿಕೊಳ್ಳುತ್ತಿತ್ತು. ಬಯಲೆಲ್ಲ ಕಟ್ಟಡ, ಕಾಂಕ್ರೀಟು, ಡಾಂಬರು ಆದಂತೆ ನೀರಿಗೆ ಇಂಗಲು ನೆಲವಿಲ್ಲದೆ ಹಳೆಯ ದಾರಿಯನ್ನು ಹುಡುಕಿಕೊಂಡು ಬಂದಿತು. 2005ರ ಅಕ್ಟೋಬರಿನ ಮಳೆಯಲ್ಲಿ ಮಾವನ ಮನೆಯ ನಡುಮನೆಯಲ್ಲಿ ಮೊಳಕಾಲಿಗಿಂತ ಮೇಲೆ ನೀರು. ಅತ್ತೆಯ ಮದುವೆಯ ಸೀರೆಗಳಿದ್ದ ಟ್ರಂಕು ಅಡಿಗೆಮನೆಯವರೆಗೆ ತೇಲಿತ್ತು.

ನಾನು ಹೋದಾಗ ನೀರಿಳಿದು ಕೆಸರು ಉಳಿದಿತ್ತು. ಎಪ್ಪತ್ತು ದಾಟಿದ್ದ ಮಾವ ಗೋಡೆಯ ಮೇಲೆ ನೀರು ನಿಂತ ಮಟ್ಟಕ್ಕೆ ಪೆನ್ಸಿಲಿನಿಂದ ಗೆರೆ ಎಳೆದು, ತಾರೀಖು ಬರೆಯುತ್ತಿದ್ದರು. ಆಗ ಎಲ್ಲವನ್ನೂ ಹೇಳಿದೆ. ಮುದುಕನ ಕೋಲು, ಪಾರದರ್ಶಕ ಹಾಳೆ, ಆ ಭಾನುವಾರದ ಕಾಫಿ. ಅವರು ಬೈಯಲಿಲ್ಲ. ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು, “ಆಗ ಹೇಳಿದ್ದರೆ ನಾನು ಕೇಳುತ್ತಿದ್ದೆನೋ ಇಲ್ಲವೋ, ಕಾಣೆ. ಹೇಳಬೇಕಾಗಿತ್ತಮ್ಮ” ಎಂದಷ್ಟೇ ಅಂದರು.

ಮಾವ ಈಗಿಲ್ಲ. ನಿವೃತ್ತಳಾದ ಮೇಲೆಯೂ, ಈ ವಿದ್ಯೆ ಕಲಿಯಬೇಕೆಂದು ಬರುವ ಹುಡುಗ ಹುಡುಗಿಯರನ್ನು ನಾನು ವರ್ಷಕ್ಕೊಮ್ಮೆ ಆ ಮನೆಗೆ ಕರೆದೊಯ್ಯುತ್ತೇನೆ. ಎರಡು ಬಾರಿ ಸುಣ್ಣ ಬಳಿಸಿದರೂ ಅತ್ತೆ ಆ ಗೆರೆಯ ಮೇಲೆ ಕುಂಚ ತಾಗಗೊಟ್ಟಿಲ್ಲ. ಮಕ್ಕಳು ಬಗ್ಗಿ ತಾರೀಖು ಓದುತ್ತಾರೆ. ಅಷ್ಟರಲ್ಲಿ ಅತ್ತೆ, ಎಷ್ಟು ಜನಕ್ಕೆ ಕಾಫಿ ಎಂದು ಒಳಗಿನಿಂದ ಕೇಳುತ್ತಾರೆ.