ಖಾಲಿ ಜಾಗ ಸೊನ್ನೆಯಲ್ಲ

ಕಾಮರ್ಸ್ ಹುಡುಗಿ ಪ್ರೋಗ್ರಾಮಿಂಗ್ ಬಗ್ಗೆ ಬರೆಯುತ್ತಾಳೆಂದರೆ ಸೈನ್ಸ್ ವಿಭಾಗದ ಗೆಳತಿಯರು ನಗಬಹುದು. ಆದರೆ ಅಕೌಂಟೆನ್ಸಿ ಜೊತೆ ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡ ನಮಗೆ ಒಂದು ಅನುಕೂಲ ಇದೆ. ಲ್ಯಾಬಿನಲ್ಲಿ ಹೊಸದಾಗಿ ಕಾಣುವ ಎಷ್ಟೋ ಸಂಗತಿಗಳು ಲೆಜರ್ ಪುಟಗಳಲ್ಲಿ ನಮಗೆ ಮೊದಲೇ ಪರಿಚಯ ಆಗಿರುತ್ತವೆ. ಈ ವರ್ಷ ಸ್ಕಾಲರ್‌ಶಿಪ್ ಅರ್ಜಿಗಳ ಕೆಲಸದಲ್ಲಿ ಸರ್ ನಮ್ಮನ್ನು ಸೇರಿಸಿಕೊಂಡಾಗ ಇದು ಚೆನ್ನಾಗಿ ಗೊತ್ತಾಯಿತು.

ಕೆಲಸ ಸರಳವಾಗಿತ್ತು. ಒಂದು ಟೇಬಲ್‌ನಲ್ಲಿ ಅರ್ಹರಾದ 214 ವಿದ್ಯಾರ್ಥಿಗಳ ಅಡ್ಮಿಷನ್ ನಂಬರ್, ಹೆಸರು. ಇನ್ನೊಂದರಲ್ಲಿ ಆದಾಯ ಪ್ರಮಾಣ ಪತ್ರ ಮತ್ತು ಪಾಸ್‌ಬುಕ್ ಪ್ರತಿ ಕೊಟ್ಟವರ ವಿವರ, 187 ಸಾಲು. ಇನ್ನೂ ಕೊಡದವರು ಯಾರು? ಕೊನೆಯ ದಿನಾಂಕಕ್ಕೆ ಮೂರೇ ದಿನ ಇತ್ತು. ಲ್ಯಾಬಿನ ಕಂಪ್ಯೂಟರಿನಲ್ಲಿ ಯಾರೋ ಹಿಂದೆ ಬರೆದಿಟ್ಟ ಎಸ್‌ಕ್ಯೂಎಲ್ ಕ್ವೆರಿ ಇತ್ತು. ಮೊದಲ ಟೇಬಲ್‌ನ ಅಡ್ಮಿಷನ್ ನಂಬರ್ ಎರಡನೆಯದರಲ್ಲಿ 'ನಾಟ್ ಇನ್' ಆಗಿದ್ದರೆ ತೋರಿಸು ಎಂಬ ಕ್ವೆರಿ. ಅದನ್ನು ಓಡಿಸಿದೆವು. ಉತ್ತರ ಖಾಲಿ. ಅಂದರೆ ಯಾರೂ ಬಾಕಿ ಇಲ್ಲ!

ಎಲ್ಲರಿಗೂ ಖುಷಿ. ನನಗೆ ಮಾತ್ರ ಟ್ರಯಲ್ ಬ್ಯಾಲೆನ್ಸ್ ನೆನಪಾಯಿತು. ಎರಡು ಕಡೆಯ ಮೊತ್ತ ಹೊಂದಿದರೂ ಒಳಗೆ ತಪ್ಪು ಇರಬಹುದು ಎಂದು ಮೇಡಂ ಹೇಳುತ್ತಲೇ ಇರುತ್ತಾರೆ. ಇಲ್ಲಂತೂ ಮೊತ್ತವೇ ಹೊಂದುತ್ತಿಲ್ಲ. 214ರಲ್ಲಿ 187 ಹೋದರೆ 27 ಉಳಿಯಬೇಕಲ್ಲ?

ಕಾರಣ ಹುಡುಕಲು ಅರ್ಧ ಗಂಟೆ ಬೇಕಾಯಿತು. ಎರಡನೆಯ ಟೇಬಲ್‌ನಲ್ಲಿ ಒಂದೇ ಒಂದು ಸಾಲಿನಲ್ಲಿ ಅಡ್ಮಿಷನ್ ನಂಬರ್ ತುಂಬಿರಲಿಲ್ಲ. ಎಸ್‌ಕ್ಯೂಎಲ್‌ನಲ್ಲಿ ಇಂಥ ಖಾಲಿ ಜಾಗಕ್ಕೆ 'ನಲ್' ಎನ್ನುತ್ತಾರೆ. ಅದು ಸೊನ್ನೆಯಲ್ಲ, 'ಗೊತ್ತಿಲ್ಲ' ಎಂದರ್ಥ. 1042 ಈ ಪಟ್ಟಿಯಲ್ಲಿ ಇಲ್ಲವೇ ಎಂದು ಕೇಳಿದರೆ ಕಂಪ್ಯೂಟರ್ ಒಂದೊಂದಾಗಿ ಹೋಲಿಸುತ್ತಾ ಆ ಖಾಲಿ ಜಾಗಕ್ಕೆ ಬಂದು ನಿಲ್ಲುತ್ತದೆ. ಅಲ್ಲಿ ಇರಬೇಕಾದ್ದು 1042 ಇರಲೂಬಹುದಲ್ಲ! ಹಾಗಾಗಿ 'ಹೌದು' ಎನ್ನದೆ 'ಗೊತ್ತಿಲ್ಲ' ಎನ್ನುತ್ತದೆ. 'ಗೊತ್ತಿಲ್ಲ' ಎಂದು ಬಂದ ಸಾಲನ್ನು 'ವೇರ್' ಕೈಬಿಡುತ್ತದೆ. ಹೀಗೆ ಒಂದು ಖಾಲಿ ಮನೆ ಬಾಕಿ ಇದ್ದವರನ್ನೆಲ್ಲ ಮಾಯ ಮಾಡಿತ್ತು. ಎರರ್ ಇಲ್ಲ, ಕೆಂಪು ಅಕ್ಷರ ಇಲ್ಲ. ನಾವು ಎದ್ದು ಮನೆಗೆ ಹೋಗಿದ್ದರೆ ಅಷ್ಟು ಮನೆಗಳಿಗೆ ಆ ವರ್ಷದ ಹಣ ಬರುತ್ತಿರಲಿಲ್ಲ. ಕೆಲವರಿಗೆ ಅದು ಕಾಲೇಜು ಫೀಸು, ಕೆಲವರಿಗೆ ಬಸ್ ಪಾಸು.

'ನಾಟ್ ಇನ್' ಬದಲು 'ನಾಟ್ ಎಕ್ಸಿಸ್ಟ್ಸ್' ಬರೆದೆವು. ಅದಕ್ಕೆ ನಲ್ ಕಾಟ ಇಲ್ಲ. 'ಲೆಫ್ಟ್ ಜಾಯಿನ್' ಮಾಡಿ, ಬಲಗಡೆ 'ಈಸ್ ನಲ್' ಆಗಿರುವ ಸಾಲುಗಳನ್ನು ಕೇಳಿದರೂ ಆಗುತ್ತದೆ. ಆದರೆ 'ಈಕ್ವಲ್ ಟು ನಲ್' ಎಂದು ಬರೆಯಬೇಡಿ, ಯಾವತ್ತೂ ಏನೂ ಸಿಗುವುದಿಲ್ಲ. ಸರಾಸರಿ ತೆಗೆಯುವಾಗಲೂ ನಲ್ ನೆನಪಿರಲಿ. 40, 20 ಮತ್ತು ಒಬ್ಬ ಗೈರುಹಾಜರು ಇದ್ದರೆ ಸರಾಸರಿ 30 ಬರುತ್ತದೆ. ಗೈರುಹಾಜರಿಗೆ ಸೊನ್ನೆ ಹಾಕಿದರೆ 20.

ಈಗ 28 ಹೆಸರು ಬಂದವು. 27 ಅಲ್ಲ. ಹೆಚ್ಚಿನ ಒಬ್ಬರು ನಂಬರ್ ಇಲ್ಲದ ಆ ಅರ್ಜಿಯವರೇ ಇರಬೇಕು. ಬ್ಯಾಂಕ್ ರಿಕನ್ಸಿಲಿಯೇಷನ್ ಮಾಡಿದವರಿಗೆ ಇದು ಹೊಸದಲ್ಲ. ಅರ್ಜಿಯಲ್ಲಿ ಹೆಸರು ಇತ್ತು, ಆದರೆ ರಿಜಿಸ್ಟರಿನಲ್ಲಿ ಆ ಹೆಸರೇ ಇಲ್ಲ. ಅರ್ಜಿಯಲ್ಲಿ 'ಮೊಹಮ್ಮದ್' ಅನ್ನು ಇಂಗ್ಲಿಷಿನಲ್ಲಿ ಎಂ, ಡಿ ಎಂದು ಎರಡೇ ಅಕ್ಷರದಲ್ಲಿ ಮುಗಿಸಿದ್ದರು.

ನಮ್ಮ ಮನೆಗಳಲ್ಲಿ ಇದು ಹಳೆಯ ಕಥೆ. ಮೊಹಮ್ಮದ್, ಮುಹಮ್ಮದ್, ಮಹಮ್ಮದ್. ಬಿ, ಬೀ, ಬೇಗಂ. ನನ್ನ ದಾದಿಯ ಹೆಸರು ರೇಷನ್ ಕಾರ್ಡಿನಲ್ಲಿ ಒಂದು, ಆಧಾರ್‌ನಲ್ಲಿ ಒಂದು, ಪಾಸ್‌ಬುಕ್ಕಿನಲ್ಲಿ ಇನ್ನೊಂದು. "ಮೈಂ ಏಕೀಚ್ ಹೂಂ, ಕಾಗ್ಜಾಂ ಮೇ ತೀನ್ ಹೂಂ" ಎನ್ನುತ್ತಾರೆ. ನಾನು ಒಬ್ಬಳೇ, ಕಾಗದದಲ್ಲಿ ಮೂವರು ಎಂದು. ಅಲ್ ಖ್ವಾರಿಜ್ಮಿಯವರ ಹೆಸರೇ ಲ್ಯಾಟಿನ್ ಬರಹಗಾರರ ಕೈಯಲ್ಲಿ ತಿರುಚಿಕೊಂಡು 'ಅಲ್ಗಾರಿದಮ್' ಆಯಿತು, ನಮ್ಮದು ಯಾವ ಲೆಕ್ಕ!

ಸದ್ದಿನ ಮೇಲೆ ಹೆಸರು ಹುಡುಕುವ 'ಸೌಂಡೆಕ್ಸ್' ಎಂಬ ವಿಧಾನ ಇದೆ. ಅಮೆರಿಕದ ರಾಬರ್ಟ್ ರಸೆಲ್ 1918ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಮೈಎಸ್‌ಕ್ಯೂಎಲ್‌ನಲ್ಲೂ ಇದೆ. ಮೊಹಮ್ಮದ್, ಮುಹಮ್ಮದ್ ಎರಡಕ್ಕೂ ಒಂದೇ ಸಂಕೇತ ಕೊಡುತ್ತದೆ. ಆದರೆ ಮೊದಲ ಅಕ್ಷರವನ್ನು ಹಾಗೆಯೇ ಉಳಿಸುವುದರಿಂದ ನಮ್ಮ ಖಾದರ್ ಅಲ್ಲಿ ಸಿಕ್ಕಿಬೀಳುತ್ತಾನೆ. ದಖನಿ ಬಾಯಲ್ಲಿ ಹೇಳಿದಂತೆ ಕೆ ಅಕ್ಷರದಿಂದ ಬರೆದರೆ ಒಬ್ಬ, ಉರ್ದು ಕಾಗುಣಿತ ನೋಡಿ ಕ್ಯೂ ಅಕ್ಷರದಿಂದ ಬರೆದರೆ ಇನ್ನೊಬ್ಬ. ಹಾಗಾಗಿ ಹೆಸರಿನಿಂದ ಹುಡುಕಬಹುದು, ಆದರೆ ಎರಡು ಟೇಬಲ್ ಜೋಡಿಸಬಾರದು. ಜರ್ನಲ್‌ನಲ್ಲಿ ಲೆಜರ್ ಫೋಲಿಯೋ ಕಾಲಂ ಇರುವುದು ಇದಕ್ಕೇ ಅಲ್ಲವೇ? ಖಾತೆಯ ಪುಟವನ್ನು ನಂಬರಿನಿಂದ ಹುಡುಕುತ್ತೇವೆ. ನಾವು ಕೊನೆಗೆ ಜನ್ಮದಿನಾಂಕದಿಂದ ಹುಡುಕಿದೆವು. ಇಬ್ಬರು ಸಿಕ್ಕರು. ತರಗತಿಗೆ ಹೋಗಿ ಕೇಳಿದಾಗ ಒಬ್ಬ ಕೈ ಎತ್ತಿದ. ಮತ್ತೆ ಇಂಥ ಸಾಲು ಬರದಂತೆ ಆ ಕಾಲಂಗೆ 'ನಾಟ್ ನಲ್' ಎಂದು ಕಡ್ಡಾಯ ಮಾಡಿದೆವು.

ಹಳೆಯ ಕ್ವೆರಿ ಅರ್ಥವಾಗಲು ಅಷ್ಟು ಹೊತ್ತು ಹಿಡಿದದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಟೇಬಲ್‌ಗಳಿಗೆ ಎ, ಬಿ ಎಂದು, ಕಾಲಂಗೆ ಎಕ್ಸ್ ಎಂದು ಹೆಸರು. ಬರೆದವರಿಗೆ ಆ ದಿನ ತಿಳಿದಿತ್ತು, ನಮಗೆ ತಿಳಿಯಲಿಲ್ಲ. ಕಾಮೆಂಟ್ ಒಂದು ಇತ್ತು: 'ಎರಡು ಟೇಬಲ್ ಹೋಲಿಸುತ್ತದೆ'. ಅದು ಕ್ವೆರಿ ನೋಡಿದರೇ ಗೊತ್ತಾಗುತ್ತದೆ. ಜರ್ನಲ್ ಎಂಟ್ರಿಯ ಕೆಳಗೆ ನಾವು ಬರೆಯುವ ನರೇಷನ್ ನೋಡಿ. ಯಾವ ವ್ಯವಹಾರಕ್ಕಾಗಿ ಈ ಎಂಟ್ರಿ ಎಂದು ಹೇಳುತ್ತದೆ. ಕಾಮೆಂಟ್ ಕೂಡ ಹಾಗೆ 'ಏಕೆ' ಎಂಬುದನ್ನು ಹೇಳಬೇಕು.

ಇನ್ನೆರಡು ಚಿಕ್ಕ ಮಾತು. 'ಅಪ್‌ಡೇಟ್' ಅಥವಾ 'ಡಿಲೀಟ್' ಮಾಡುವ ಮೊದಲು ಅದೇ 'ವೇರ್' ಇಟ್ಟು 'ಸೆಲೆಕ್ಟ್' ಮಾಡಿ, ಎಷ್ಟು ಸಾಲು ಬರುತ್ತವೆ ಎಂದು ಎಣಿಸಿ. ಪೈಥಾನ್‌ನಲ್ಲಿ ಹಣದ ಲೆಕ್ಕ ಮಾಡುವಾಗ ರೂಪಾಯಿಯನ್ನು ದಶಮಾಂಶದಲ್ಲಿ ಇಡದೆ ಪೈಸೆಯಲ್ಲಿ ಪೂರ್ಣಾಂಕವಾಗಿ ಇಡಿ. ನಂಬಿಕೆ ಇಲ್ಲದಿದ್ದರೆ 0.1ಕ್ಕೆ 0.2 ಕೂಡಿಸಿ ನೋಡಿ, 0.30000000000000004 ಬರುತ್ತದೆ. ಇದನ್ನು ಯಾವ ಕ್ಯಾಷ್ ಬುಕ್ಕಿನಲ್ಲಿ ಬರೆಯುವುದು?

ಉಳಿದ 27 ಮಂದಿಗೆ ಆ ಸಂಜೆಯೇ ಫೋನ್ ಹೋಯಿತು. ಹೊಸ ಕ್ವೆರಿ ಲ್ಯಾಬಿನಲ್ಲಿ 'ದಾಖಲೆ ಬಾಕಿ ಇರುವವರು' ಎಂಬ ಹೆಸರಿನಲ್ಲಿದೆ. ಮೇಲೆ ನಾಲ್ಕು ಸಾಲಿನ ನರೇಷನ್ ಇದೆ, 'ನಾಟ್ ಇನ್' ಏಕೆ ಬಿಟ್ಟೆವು ಎಂಬುದೂ ಸೇರಿ. ಮುಂದಿನ ವರ್ಷ ಈ ಕೆಲಸ ಮಾಡುವ ಜೂನಿಯರ್‌ಗಳು ಮೊದಲು ಅದನ್ನು ಓದಿ, ಆಮೇಲೆ ಓಡಿಸಿ.