ನಲವತ್ತು ಕಟ್ಟಿನಲ್ಲಿ ಒಂದು ಕಟ್ಟು

ಕಳೆದ ವರ್ಷ ಅರ್ಧವಾರ್ಷಿಕ ಪರೀಕ್ಷೆ ಮುಗಿದು ಎರಡು ವಾರ ಕಳೆದಿರಬಹುದು. ಏಳನೇ ತರಗತಿಯಲ್ಲಿರುವ ಮಗನ ಚೀಲದ ತಳದಲ್ಲಿ ನಾಲ್ಕಾಗಿ ಮಡಚಿಟ್ಟ ಗಣಿತದ ಉತ್ತರ ಪತ್ರಿಕೆ ನನ್ನ ಪತ್ನಿಯ ಕೈಗೆ ಸಿಕ್ಕಿತು. 50ರಲ್ಲಿ 9 ಅಂಕ. ಅದಕ್ಕಿಂತಲೂ ಹೆಚ್ಚು ನೋವು ಕೊಟ್ಟದ್ದು ಅದರ ಕೆಳಗಿದ್ದ ಸಹಿ. ಹೆಸರು ನನ್ನದು, ಕೈಬರಹ ಅವನದು.

ನಾನು ಬೆಳಿಗ್ಗೆ ಮದ್ರಸದಲ್ಲಿ, ಹಗಲು ಶಾಲೆಯಲ್ಲಿ ಪಾಠ ಹೇಳುವವನು. ಸುಳ್ಳು ಹೇಳಬಾರದೆಂದು ಊರಿನ ಮಕ್ಕಳಿಗೆಲ್ಲ ಕಲಿಸುವವನ ಮನೆಯಲ್ಲೇ ಹೀಗಾಯಿತಲ್ಲ ಎಂದು ಸಿಟ್ಟು ನೆತ್ತಿಗೇರಿತು. ಕೈ ಎತ್ತಿಯೇ ಬಿಟ್ಟಿದ್ದೆ. ಅಷ್ಟರಲ್ಲಿ ಒಳಗಿನಿಂದ ಉಮ್ಮ ಬಂದು ನಮ್ಮಿಬ್ಬರ ನಡುವೆ ನಿಂತರು.

“ಅವನು ಮಾಡಿದ್ದು ತಪ್ಪು. ಆದರೆ ನಿನ್ನನ್ನು ಕಂಡರೆ ಅವನಿಗೆ ಎಷ್ಟು ಹೆದರಿಕೆ ಎಂದು ನೋಡಿದೆಯಾ?” ಎಂದರು.

ನನ್ನ ಉಮ್ಮ ಶಾಲೆಗೆ ಹೋದದ್ದು ಎರಡನೇ ತರಗತಿಯವರೆಗೆ ಮಾತ್ರ. ಮೂವತ್ತು ವರ್ಷ ಬೀಡಿ ಕಟ್ಟಿ ನಮ್ಮನ್ನು ಸಾಕಿದವರು. ಪತ್ರಿಕೆಯಲ್ಲಿ ಏನು ಕೇಳಿದ್ದಾರೆಂದು ಕೇಳಿದರು. 1000ದ ನಲವತ್ತನೇ ಒಂದು ಭಾಗ ಎಷ್ಟು ಎಂಬ ಪ್ರಶ್ನೆಯ ಮುಂದೆ ಮಗ ಏನನ್ನೂ ಬರೆದಿರಲಿಲ್ಲ. ಅದನ್ನು ಓದಿ ಹೇಳಿದೆ. ಉಮ್ಮ ಅವನನ್ನು ಹತ್ತಿರ ಕೂರಿಸಿಕೊಂಡರು.

“ಮೋನೇ, ಒಂದು ಕಟ್ಟಿಗೆ 25 ಬೀಡಿ. ಸಾವಿರ ಬೀಡಿಗೆ ಎಷ್ಟು ಕಟ್ಟು?”

ಅವನು ಬೆರಳು ಮಡಚಿ, “ನೂರಕ್ಕೆ ನಾಲ್ಕು. ಸಾವಿರಕ್ಕೆ ನಲವತ್ತು” ಎಂದ.

“ಆ ನಲವತ್ತರಲ್ಲಿ ಒಂದು ಕಟ್ಟನ್ನು ಬ್ರಾಂಚಿನವನು ಸರಿಯಿಲ್ಲವೆಂದು ಬದಿಗಿಟ್ಟರೆ ಎಷ್ಟು ಬೀಡಿ ಹೋಯಿತು?”

“ಇಪ್ಪತ್ತೈದು.”

ನಾನು ಸುಮ್ಮನೆ ನಿಂತೆ. ಬಿಟ್ಟು ಬಂದ ಪ್ರಶ್ನೆಗೆ ಅವನು ಉತ್ತರ ಹೇಳಿಯಾಗಿತ್ತು. ಆದರೆ ಅದೇ ಪ್ರಶ್ನೆಯನ್ನು ಪತ್ರಿಕೆಯಲ್ಲಿ ಮತ್ತೆ ತೋರಿಸಿದಾಗ ಅವನ ಮುಖ ಬಾಡಿತು. “ಇದು ಬೇರೆ ಲೆಕ್ಕ” ಎಂದ. ಎರಡೂ ಒಂದೇ ಎಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಇದು ನನ್ನ ಮಗನೊಬ್ಬನ ಕಥೆಯಲ್ಲ ಎಂದು ಆಮೇಲೆ ಓದಿ ತಿಳಿದೆ. ಬ್ರೆಜಿಲಿನ ರೆಸಿಫೆ ನಗರದ ಬೀದಿಯಲ್ಲಿ ಎಳನೀರು ಮುಂತಾದವನ್ನು ಮಾರುತ್ತಿದ್ದ ಮಕ್ಕಳ ಬಗ್ಗೆ 1985ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ವ್ಯಾಪಾರದ ನಡುವೆ ಕೇಳಿದ ಲೆಕ್ಕಗಳಲ್ಲಿ ಶೇಕಡಾ 98ರಷ್ಟನ್ನು ಸರಿಯಾಗಿ ಹೇಳಿದ ಮಕ್ಕಳು, ಅದೇ ಬಗೆಯ ಲೆಕ್ಕವನ್ನು ಬರಿಯ ಅಂಕಿಗಳಲ್ಲಿ ಕೊಟ್ಟಾಗ ಶೇಕಡಾ 37ರಷ್ಟನ್ನು ಮಾತ್ರ ಸರಿ ಮಾಡಿದರು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಕೋಲ್ಕತ್ತಾ ಹಾಗೂ ದಿಲ್ಲಿಯ ಮಾರುಕಟ್ಟೆಗಳಲ್ಲಿ ದುಡಿಯುವ 1,400ಕ್ಕೂ ಹೆಚ್ಚು ಮಕ್ಕಳನ್ನು ಪರೀಕ್ಷಿಸಿ 2025ರಲ್ಲಿ ಪ್ರಕಟಿಸಿದ ಅಧ್ಯಯನವೂ ಇಂಥದ್ದನ್ನೇ ಹೇಳಿತು. ಮಾರುಕಟ್ಟೆಯ ಮಕ್ಕಳು ಪುಸ್ತಕದ ಲೆಕ್ಕದಲ್ಲಿ ಸೋತರು. ಶಾಲೆಯಲ್ಲಷ್ಟೇ ಕಲಿತ ಮಕ್ಕಳು ಮಾರುಕಟ್ಟೆಯ ಲೆಕ್ಕದಲ್ಲಿ ಸೋತರು.

ಹಾಗಾದರೆ ಮಕ್ಕಳನ್ನು ಅಂಗಡಿಗೆ ಕಳುಹಿಸಿದರೆ ಗಣಿತ ತಾನಾಗಿಯೇ ಬರುತ್ತದೆ ಎಂದು ನಾವು ನಂಬಿ ಕೂರುವಂತಿಲ್ಲ. ಟ್ಯೂಷನ್ ಕೊಡಿಸಿದರೆ ಸಾಕು ಎನ್ನುವುದೂ ಸರಿಯಲ್ಲ. ಬಾಯಿಲೆಕ್ಕವೂ ಪುಸ್ತಕದ ಲೆಕ್ಕವೂ ಒಂದೇ ಎಂದು ತೋರಿಸಿಕೊಡುವವರು ಮನೆಯಲ್ಲಿ ಬೇಕು. ಅದಕ್ಕೆ ದೊಡ್ಡ ವಿದ್ಯೆ ಬೇಕಿಲ್ಲ. ಗಣಿತ ಇರುವುದಿಲ್ಲ ಎಂಬ ಒಂದೇ ಕಾರಣಕ್ಕೆ ಬಿ.ಎ. ಆರಿಸಿಕೊಂಡ ನನ್ನಂಥವನಿಂದಲೂ ಅದು ಸಾಧ್ಯವಾಯಿತು.

ನಾವು ಒಂದು ಹಳೆಯ ನೋಟ್‌ಪುಸ್ತಕವನ್ನು ಅಡುಗೆಮನೆಯ ಕಪಾಟಿನಲ್ಲಿಟ್ಟೆವು. ಮನೆಯಲ್ಲಿ ಬಾಯಿಯಲ್ಲಿ ಮಾಡಿದ ಯಾವುದಾದರೂ ಒಂದು ಲೆಕ್ಕವನ್ನು ಅಂದೇ ಅದರಲ್ಲಿ ಬರೆಯಬೇಕು. ಕಿಲೋಗೆ 240 ರೂಪಾಯಿಯಂತೆ ಮುಕ್ಕಾಲು ಕಿಲೋ ಬಂಗುಡೆ ತಂದ ದಿನ ಮಗ “ಅರ್ಧಕ್ಕೆ 120, ಕಾಲಿಗೆ 60, ಒಟ್ಟು 180” ಎಂದ. ಅದನ್ನೇ 240 × 3/4 = 180 ಎಂದು ಬರೆಸಿದೆವು. ಐದು ಮಂದಿಗೆ ಪತ್ತಿರ್ ಮಾಡಲು ಎರಡೂವರೆ ಲೋಟ ಅಕ್ಕಿಹಿಟ್ಟು ಬೇಕಾದರೆ, ನೆಂಟರು ಬಂದು ಎಂಟು ಮಂದಿಯಾದಾಗ ಎಷ್ಟು ಬೇಕೆಂದು ನನ್ನ ಪತ್ನಿ ಮಗಳನ್ನೂ ಮಗನನ್ನೂ ಕೇಳಿದಳು. ಒಬ್ಬರಿಗೆ ಅರ್ಧ ಲೋಟ, ಎಂಟು ಮಂದಿಗೆ ನಾಲ್ಕು ಲೋಟ. 2023ರಲ್ಲಿ ಗೃಹಜ್ಯೋತಿ ಯೋಜನೆ ಬಂದಾಗ ಹಿಂದಿನ ವರ್ಷದ ಸರಾಸರಿ ಬಳಕೆಗೆ ಶೇಕಡಾ 10 ಸೇರಿಸಿ ಪ್ರತಿ ಮನೆಯ ಮಿತಿ ಗೊತ್ತುಪಡಿಸಿದ್ದರು. ಹಳೆಯ ಬಿಲ್ಲುಗಳನ್ನು ಹರಡಿಕೊಂಡು ಸರಾಸರಿ ಎಂದರೇನು, ಶೇಕಡಾ ಎಂದರೇನು ಎಂದು ಒಂದು ಸಂಜೆ ಕಲಿತೆವು.

ರಮಝಾನಿನಲ್ಲಿ ಝಕಾತಿನ ಲೆಕ್ಕವನ್ನು ಮಗನಿಗೇ ಒಪ್ಪಿಸಿದೆ. ಶೇಕಡಾ ಎರಡೂವರೆ ಎಂದರೆ ನಲವತ್ತರಲ್ಲಿ ಒಂದು ಎಂದು ನಾನು ಎಷ್ಟೋ ವರ್ಷಗಳಿಂದ ಮದ್ರಸದಲ್ಲಿ ಹೇಳುತ್ತಲೇ ಬಂದಿದ್ದೆ. ಅವನು “ಇದು ಉಮ್ಮಮ್ಮನ ಒಂದು ಕಟ್ಟು” ಎಂದು ಹೇಳಿ, 1,20,000ವನ್ನು ಮೊದಲು 10ರಿಂದ, ಮತ್ತೆ 4ರಿಂದ ಭಾಗಿಸಿ 3,000 ಎಂದು ಬರೆದ. ಸಾವಿರ ಬೀಡಿಯಲ್ಲಿ ಒಂದು ಕಟ್ಟು ಶೇಕಡಾ ಎರಡೂವರೆಯೇ ಆಗುತ್ತದೆ ಎಂಬುದು ಅಷ್ಟು ದಿನ ನನಗೇ ಹೊಳೆದಿರಲಿಲ್ಲ.

ತಪ್ಪನ್ನೂ ಮಾಡಿದ್ದೇನೆ. ಒಮ್ಮೆ ಮೀನು ಮಾರುಕಟ್ಟೆಯಲ್ಲಿ ನಾಲ್ಕು ಜನರ ಮುಂದೆ, “ಚಿಲ್ಲರೆ ಎಷ್ಟು ಬರಬೇಕು? ಬೇಗ ಹೇಳು” ಎಂದು ಗದರಿದೆ. ಗೊತ್ತಿದ್ದ ಉತ್ತರವೂ ಅವನ ಬಾಯಿಂದ ಹೊರಡಲಿಲ್ಲ. ವಿಷಯ ತಿಳಿದು ಉಮ್ಮ ಕೇಳಿದರು: “ನೀನು ಮೀನು ತರಲು ಹೋದದ್ದೋ, ಪರೀಕ್ಷೆ ಮಾಡಲು ಹೋದದ್ದೋ?” ಹೆತ್ತವರಾದ ನಾವು ಇದನ್ನು ಮುಖ್ಯವಾಗಿ ನೆನಪಿಡಬೇಕು. ಮನೆಯ ಕೆಲಸವನ್ನೂ ಪರೀಕ್ಷೆ ಮಾಡಿಬಿಟ್ಟರೆ ಮಗುವಿಗೆ ಅಡಗಿಕೊಳ್ಳಲು ಮನೆಯಲ್ಲೂ ಜಾಗ ಉಳಿಯುವುದಿಲ್ಲ. ಆಗ ಅದು ಸುಳ್ಳಿನ ಹಿಂದೆ ಅಡಗಿಕೊಳ್ಳುತ್ತದೆ.

ವಾರ್ಷಿಕ ಪರೀಕ್ಷೆಯಲ್ಲಿ ಅವನಿಗೆ ಬಂದದ್ದು 50ರಲ್ಲಿ 26. ಯಾರಿಗೂ ಹೇಳಿಕೊಳ್ಳುವಂಥ ಅಂಕವೇನಲ್ಲ. ಆದರೆ ಆ ದಿನ ಅವನು ಉತ್ತರ ಪತ್ರಿಕೆಯನ್ನು ಮಡಚದೆ ತಂದು ನನ್ನ ಮುಂದೆ ಹಿಡಿದ. ಇನ್ನೊಂದು ಕೈಯಲ್ಲಿ ಸಹಿ ಹಾಕಲು ಪೆನ್ನು ಇತ್ತು.